ಕೊಂಕಣಿ ಮನೆಮಾತಿನ ಮಕ್ಕಳಿಗೆ ಕನ್ನಡದ ವ್ಯಾಪಕ ಓದು: ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಕಾರವಾರದ ಆಂಗ್ಲ ಮಾಧ್ಯಮ ಶಾಲೆ, ಎಂಟನೇ ತರಗತಿ, 36 ಮಕ್ಕಳು. ಹೆಚ್ಚಿನವರದು ಕೊಂಕಣಿ ಮನೆಮಾತು, ಅರ್ಗಾ ನೌಕಾನೆಲೆಯ ಕಡೆಯಿಂದ ಬರುವ ಕೆಲವರದು ಹಿಂದಿ. ಕನ್ನಡ ಪಾಠವನ್ನು ಗಟ್ಟಿಯಾಗಿ ಓದುತ್ತಾರೆ, ಪ್ರಶ್ನೋತ್ತರ ಬಾಯಿಪಾಠ ಬರುತ್ತದೆ, ಆದರೆ ಹೊಸ ಪುಟವೊಂದನ್ನು ಕೈಗಿಟ್ಟರೆ ಅರ್ಥ ಹೇಳಲಾರರು. ವಾರಕ್ಕೊಂದು ಗ್ರಂಥಾಲಯದ ಅವಧಿ ಇದೆ. ಇವರಿಗೆ ಕನ್ನಡದ ವ್ಯಾಪಕ ಓದನ್ನು ಹೇಗೆ ಶುರು ಮಾಡಿಸಲಿ ಎಂಬುದು ನಿಮ್ಮ ಪ್ರಶ್ನೆ.

ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಪುಸ್ತಕಗಳಿಗಿಂತ ಎರಡು ಮೆಟ್ಟಿಲು ಸುಲಭದವನ್ನು ತನ್ನಿ. ಎಂಟನೇ ತರಗತಿ ಎಂದಾಕ್ಷಣ ಎಂಟನೇ ತರಗತಿಯ ಮಟ್ಟದ ಕಥಾಸಂಕಲನ ತರುವುದರಿಂದಲೇ ಈ ಕೆಲಸ ಹೆಚ್ಚಾಗಿ ಕೆಡುತ್ತದೆ. ಪಾಠ ಮಾಡುವಾಗ ಒಂದು ಪುಟವನ್ನು ಅಗೆದು ಅಗೆದು ನೋಡುತ್ತೇವೆ, ಅಲ್ಲಿ ಕಷ್ಟದ ಪದ ಬೇಕು. ವ್ಯಾಪಕ ಓದು ಅದಕ್ಕೆ ತಿರುಗಾಮುರುಗಾ. ತಡೆಯಿಲ್ಲದೆ, ಬಹಳಷ್ಟು, ತನಗೆ ಬೇಕೆನಿಸಿದ್ದನ್ನು, ಅರ್ಥಕ್ಕಾಗಿ ಓದುವುದು. ಒಂದೆರಡು ಸಲ ಕಂಡ ಪದ ತಲೆಯಲ್ಲಿ ನಿಲ್ಲುವುದಿಲ್ಲ. ಬೇರೆ ಬೇರೆ ವಾಕ್ಯಗಳಲ್ಲಿ ಹತ್ತಾರು ಸಲ ಎದುರಾದಾಗ ನಿಲ್ಲುತ್ತದೆ. ಅಷ್ಟು ಸಲ ಎದುರಾಗಬೇಕಾದರೆ ಓದು ಓಡಬೇಕು.

ಎಷ್ಟು ಸುಲಭ ಎಂಬುದಕ್ಕೆ ಒಂದು ಅಳತೆ ಇದೆ. ಹು ಮತ್ತು ನೇಶನ್ ಎಂಬ ಭಾಷಾಕಲಿಕೆಯ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಕಥೆ ಸರಿಯಾಗಿ ಅರ್ಥವಾಗಲು 100ರಲ್ಲಿ ಸುಮಾರು 98 ಪದ ಗೊತ್ತಿರಬೇಕು. ಅದು ಇಂಗ್ಲಿಷಿನ ಲೆಕ್ಕ. ಕನ್ನಡಕ್ಕೆ ಹಾಗೆಯೇ ಎತ್ತಿಡಬೇಡಿ. ‘ಬರಬೇಕಾಗಿತ್ತಂತೆ’ ಎಂಬ ಒಂದೇ ಪದದಲ್ಲಿ ಕ್ರಿಯೆ, ಕಾಲ, ಕರ್ತವ್ಯ, ಕೇಳಿದ ಸುದ್ದಿ ಎಲ್ಲ ತುಂಬಿಕೊಂಡಿವೆ. ಆದ್ದರಿಂದ ಎರಡು ಎಣಿಕೆ ಮಾಡಿ. ಪುಸ್ತಕದ ನಡುವಿನಿಂದ 100 ಪದಗಳ ಭಾಗ ಕೊಟ್ಟು, ಮಗು ಮೌನವಾಗಿ ಓದುತ್ತಾ ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ಲಿನ ಚುಕ್ಕೆ ಇಡಲಿ. ಮೂಲ ಪದವೇ ಗೊತ್ತಿಲ್ಲದವು ಎರಡರೊಳಗಿದ್ದರೆ ಪುಸ್ತಕ ಸರಿ, ಐದು ದಾಟಿದರೆ ಬೇಡ. ಆಮೇಲೆ ‘ಹೋಗದಿದ್ದರೆ’, ‘ಬಂದಿರಲಿಕ್ಕಿಲ್ಲ’, ‘ಕೊಡಲಾರನು’ ಇಂಥವುಗಳ ಕೊನೆ ತಿಳಿಯದೆ ಮೂರು ಕಡೆ ಮುಗ್ಗರಿಸಿದರೂ ಒಂದು ಹಂತ ಕೆಳಗಿನ ಪುಸ್ತಕ ಕೊಡಿ.

ನಿಮ್ಮ ಮಕ್ಕಳಿಗೆ ಯಾವ ಪದ ಕಷ್ಟ ಎಂಬುದರಲ್ಲೂ ನಮ್ಮ ಅಂದಾಜು ತಪ್ಪುತ್ತದೆ. ‘ಸಮುದ್ರ’, ‘ಕಾರಣ’, ‘ಪರೀಕ್ಷೆ’ಯಂಥ ಸಂಸ್ಕೃತ ಮೂಲದ ಪದಗಳು ಕೊಂಕಣಿ, ಹಿಂದಿಗಳಿಂದಲೇ ಅವರಿಗೆ ಪರಿಚಿತ. ‘ತೊಡಗು’, ‘ಅಡಗು’, ‘ಒರಗು’, ‘ಹಂಬಲಿಸು’ ಇಂಥ ಅಚ್ಚಗನ್ನಡ ಕ್ರಿಯಾಪದಗಳು ತಡೆಯುತ್ತವೆ. ನಮಗೆ ಬಲು ಸರಳವೆನಿಸುವ ಹಳ್ಳಿಯ ಕಥೆ ಅವರಿಗೆ ಕಠಿಣವಾಗುವುದು, ಸಮುದ್ರಜೀವಿಗಳ ಮಾಹಿತಿ ಪುಸ್ತಕ ಸಲೀಸಾಗುವುದು ಇದಕ್ಕೇ. ಮೊದಲ ಎರಡು ತಿಂಗಳು ಮಾಹಿತಿ ಪುಸ್ತಕ, ಚಿತ್ರಕಥೆ ಮತ್ತು ಸಂಭಾಷಣೆ ಹೆಚ್ಚಿರುವ ಕಥೆಗಳಿರಲಿ. ಪೇಟೆಯಲ್ಲಿ ಕಿವಿಗೆ ಬಿದ್ದ ಕನ್ನಡಕ್ಕೆ ಸಂಭಾಷಣೆಯೇ ಹತ್ತಿರ. ಎಂಟನೆಯವರಿಗೆ ‘ಚಿಕ್ಕಮಕ್ಕಳ ಪುಸ್ತಕ’ ಎಂಬ ಮುಜುಗರವಾಗದಿರಲೂ ಮಾಹಿತಿ ಪುಸ್ತಕಗಳೇ ದಾರಿ.

ಪುಸ್ತಕ ಎಷ್ಟು ಬೇಕು? 36 ಮಕ್ಕಳಿಗೆ 70ರಿಂದ 80, ಒಂದೊಂದೇ ಪ್ರತಿ. ಒಂದೇ ಪುಸ್ತಕದ 36 ಪ್ರತಿ ಕೊಂಡರೆ ಅದು ಮತ್ತೆ ಪಾಠವಾಗುತ್ತದೆ. ಹಣವಿಲ್ಲದಿದ್ದರೆ ಮಕ್ಕಳ ಪುಸ್ತಕಗಳ ಪ್ರಕಾಶಕರಾದ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಿಂದ ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಅಲ್ಲಿ ನಾಲ್ಕು ಹಂತಗಳಿವೆ: ಮೊದಲನೆಯದು ಸುಮಾರು 250 ಪದಗಳವರೆಗೆ, ಎರಡನೆಯದು 600, ಮೂರನೆಯದು 1500, ನಾಲ್ಕನೆಯದು ಅದಕ್ಕೂ ಮೇಲೆ. ಎಂಬತ್ತರಲ್ಲಿ ಮೊದಲೆರಡು ಹಂತದವು 55, ಮೂರನೆಯದು 20, ನಾಲ್ಕನೆಯದು ಐದು ಇದ್ದರೆ ಸಾಕು. ಫಿಜಿ ದ್ವೀಪಗಳ ಹಳ್ಳಿ ಶಾಲೆಗಳಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬ ಸಂಶೋಧಕರು 1980ರ ದಶಕದ ಆರಂಭದಲ್ಲಿ ತರಗತಿಗೆ 250 ಇಂಗ್ಲಿಷ್ ಪುಸ್ತಕ ಕೊಟ್ಟು ನೋಡಿದರು. ಮನೆಯಲ್ಲಿ ಇಂಗ್ಲಿಷ್ ಇಲ್ಲದ ಆ ಮಕ್ಕಳ ಓದು ಮೊದಲು ಸುಧಾರಿಸಿತು. ಎರಡನೇ ವರ್ಷದ ಹೊತ್ತಿಗೆ ಬರವಣಿಗೆಗೂ ಅದು ಹರಡಿತ್ತು. ಹಾಗಾಗಿ ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಏರಲಿಲ್ಲವೆಂದು ಕೈಬಿಡಬೇಡಿ. ಪಠ್ಯವನ್ನೂ ನಿಲ್ಲಿಸಬೇಡಿ, ವ್ಯಾಕರಣದ ಪ್ರಶ್ನೆಗೆ ಅದು ಬೇಕೇ ಬೇಕು.

ವಾರಕ್ಕೊಮ್ಮೆ 40 ನಿಮಿಷಕ್ಕಿಂತ ವಾರಕ್ಕೆ ನಾಲ್ಕು ದಿನ 15 ನಿಮಿಷ ಎಷ್ಟೋ ಮೇಲು. ಗ್ರಂಥಾಲಯದ ಅವಧಿಯನ್ನು ಪುಸ್ತಕ ಬದಲಿಸುವುದಕ್ಕೆ ಇಟ್ಟುಕೊಳ್ಳಿ, ಉಳಿದದ್ದನ್ನು ಕನ್ನಡ ಅವಧಿಗಳ ಆರಂಭದಿಂದ ಕತ್ತರಿಸಿ. ನಿಮಿಷಕ್ಕೆ 70 ಪದ ಓದುವ ಮಗು 15 ನಿಮಿಷಕ್ಕೆ ಸಾವಿರ ಪದ ದಾಟುತ್ತದೆ, 30 ವಾರಕ್ಕೆ ತರಗತಿಯಲ್ಲೇ ಒಂದೂಕಾಲು ಲಕ್ಷ. ನಿಮ್ಮ ಪಠ್ಯಪುಸ್ತಕದ ಗದ್ಯಪಾಠಗಳ ಪದಗಳನ್ನು ಒಮ್ಮೆ ಎಣಿಸಿ ಹೋಲಿಸಿ ನೋಡಿ. ಆ 15 ನಿಮಿಷ ನೀವೂ ಪುಸ್ತಕ ಹಿಡಿದು ಓದಬೇಕು, ಹಾಜರಿ ಬರೆಯಬಾರದು.

ಓದಿದ ಮೇಲೆ ಸಾರಾಂಶ ಬರೆಸಬೇಡಿ, ಪ್ರಶ್ನೆ ಕೇಳಬೇಡಿ. ವಹಿಯಲ್ಲಿ ಒಂದೇ ಸಾಲು: ತಾರೀಖು, ಪುಸ್ತಕ, ಎಷ್ಟು ಪುಟ, ಸುಲಭವೋ ಕಷ್ಟವೋ. ಓದುತ್ತಿದ್ದಾರೋ ಇಲ್ಲವೋ ತಿಳಿಯಲು ದಿನಕ್ಕೆ ಇಬ್ಬರ ಪಕ್ಕ ಕುಳಿತು ‘ಯಾವ ಪುಟ ಇಷ್ಟ ಆಯ್ತು, ತೋರಿಸು’ ಅನ್ನಿ, ಉತ್ತರ ಕೊಂಕಣಿಯಲ್ಲಿ ಬಂದರೂ ಸಂತೋಷದಿಂದ ಕೇಳಿ. ಹದಿನೈದು ನಿಮಿಷದಲ್ಲಿ ಮೂರು ಪುಸ್ತಕ ಬದಲಿಸುವ ಮಗುವಿಗೆ ಸೋಮಾರಿತನವೆಂದು ಬೈಯಬೇಡಿ, ಅದರ ಕೈಯಲ್ಲಿರುವುದು ಕಷ್ಟದ ಪುಸ್ತಕ. ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಅಂದಿರೋ, ತೆಳ್ಳಗಿನ ಪುಸ್ತಕ ಹುಡುಕಿ ಪುಟ ಮಗುಚುವುದು ಶುರುವಾಗುತ್ತದೆ.

ನಿಮಿಷಕ್ಕೆ 30 ಪದವೂ ಸಾಗದ ಮಕ್ಕಳು ಕೆಲವರಿದ್ದೇ ಇರುತ್ತಾರೆ. ಅವರನ್ನು ಮೌನ ಓದಿಗೆ ಕೂರಿಸಿದರೆ ಸುಮ್ಮನೆ ಹಿಂಸೆ. ಅವರ ಪಕ್ಕದಲ್ಲಿ ನೀವೇ ಓದಿ, ಬೆರಳು ಅವರದು ಸಾಗಲಿ. ಹಿಂದಿ ಮನೆಮಾತಿನವರು ಎ-ಏ, ಒ-ಓ ವ್ಯತ್ಯಾಸದಲ್ಲಿ ಎಡವುತ್ತಾರೆ, ದೇವನಾಗರಿಯಲ್ಲಿ ಅವರು ಆ ಭೇದ ಕಂಡಿಲ್ಲ. ಅರ್ಕಾವತ್ತನ್ನು ಮಾತ್ರ ದೇವನಾಗರಿಯ ಮೂಲಕವೇ ತೋರಿಸಿಕೊಡಬಹುದು: ಮೊದಲು ಉಚ್ಚರಿಸುವ ರಕಾರ ಅಲ್ಲಿ ಮುಂದಿನ ಅಕ್ಷರದ ತಲೆಯ ಮೇಲೆ, ಇಲ್ಲಿ ಅಕ್ಷರದ ಬಲಕ್ಕೆ.

ಕರಾವಳಿಗೆ ಸೇರಿದ ಒಂದು ಮಾತು. ತೆಳು ಪುಸ್ತಕಗಳ ಪಿನ್ನು ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ನಡುಪುಟ ಕಳಚುತ್ತದೆ. ಮೇ ತಿಂಗಳಲ್ಲೇ ಪಿನ್ನು ತೆಗೆದು, ಮಡಿಕೆಯಲ್ಲಿ ಮೂರು ತೂತು ಮಾಡಿ ದಪ್ಪ ದಾರದಲ್ಲಿ ಹೊಲಿಯಿರಿ. ಗೋಡೆಗೆ ತಾಗಿದ ಕಪಾಟು ಬೇಡ, ಗೋಡೆಯ ತೇವಕ್ಕೆ ಬೂಷ್ಟು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಳವಿರುವ ಟ್ರಂಕಿನಲ್ಲಿಟ್ಟು, ಬಿಸಿಲು ಬಿದ್ದ ದಿನ ಮಕ್ಕಳಿಂದಲೇ ಹೊರಗೆ ಹರವಿಸಿ. ಹರವುವಾಗ ನಿಂತು ಓದತೊಡಗಿದರೆ ಅವಸರ ಮಾಡಬೇಡಿ.