ಆ ಸಲಾಕೆಯ ಬಗ್ಗೆ ಬರೆಯಿರಿ

ಆತ್ಮೀಯರೇ,

ನೀವು ಕಳುಹಿಸಿದ ‘ಗಡಿ ಕಾಯ್ದ ವೀರನೊಡನೆ ಒಂದು ಗಂಟೆ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಪಿಂಚಣಿದಾರರು ಜೀವನ ಪ್ರಮಾಣ ಪತ್ರ ಕೊಡಲು ಬರುವ ನವೆಂಬರ್ ತಿಂಗಳು. ಬ್ಯಾಂಕಿನ ಬೆಂಚಿನಲ್ಲಿ ಪಕ್ಕದಲ್ಲಿದ್ದ ಅಜ್ಜ ನಿಮ್ಮೊಡನೆ ಮಾತಿಗಿಳಿದರು. ಬೆಂಗಳೂರಿನಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ತರಬೇತಿ ಪಡೆದು, 1971ರ ಪಾಕಿಸ್ತಾನ ಯುದ್ಧದಲ್ಲಿ ಪಶ್ಚಿಮ ಗಡಿಯ ಶಕರ್‌ಗಢ ವಲಯದಲ್ಲಿ ನೆಲಬಾಂಬ್ ತೆಗೆದವರು. ಇಂಥವರು ಸಿಕ್ಕುವುದೇ ಅಪರೂಪ. ನೀವೋ ಮೊದಲೆರಡು ಪುಟಗಳನ್ನು ತ್ಯಾಗ, ಬಲಿದಾನ, ಕೆಚ್ಚೆದೆಗಳಿಂದ ತುಂಬಿಸಿದ್ದೀರಿ. ಆ ಮಾತುಗಳು ಯಾವ ಸೈನಿಕನಿಗಾದರೂ ಹೊಂದುತ್ತವೆ. ಈ ಅಜ್ಜ ಯಾರೆಂದು ಅವುಗಳಿಂದ ತಿಳಿಯುವುದಿಲ್ಲ.

ಮೂರನೆಯ ಪುಟದಲ್ಲಿ ಅವರು ಬಾಯಿ ತೆರೆಯುತ್ತಾರೆ: “ಸಲಾಕೆಯನ್ನು ನೆಟ್ಟಗೆ ಚುಚ್ಚಬಾರದು ಮಗೂ, ಓರೆಯಾಗಿ ಚುಚ್ಚಬೇಕು.” ಹೇಳುತ್ತಲೇ ಬ್ಯಾಂಕಿನ ಪೆನ್ನನ್ನು ಅರ್ಜಿಯ ಮೇಲೆ ವಾಲಿಸಿ ಹಿಡಿದು ತೋರಿಸುತ್ತಾರೆ. ನಿಮ್ಮ ಇಡೀ ಲೇಖನ ಇಲ್ಲಿದೆ. ಹೂತಿಟ್ಟ ಬಾಂಬನ್ನು ಹುಡುಕಲು ನೆಲಕ್ಕೆ ಚುಚ್ಚುವ ಸಲಾಕೆ ಅದು. ನೆಲಬಾಂಬ್ ಸಾಮಾನ್ಯವಾಗಿ ಸಿಡಿಯುವುದು ಮೇಲಿನಿಂದ ಭಾರ ಬಿದ್ದಾಗ. ಓರೆಯಾಗಿ ಹೋದ ಸಲಾಕೆ ಅದರ ಮಗ್ಗುಲಿಗೆ ತಾಗುತ್ತದೆ, ಚುಚ್ಚಿದವನು ಉಳಿಯುತ್ತಾನೆ. ಕತ್ತಲಲ್ಲಿ, ಡಿಸೆಂಬರಿನ ಚಳಿಗೆ ಮರಗಟ್ಟಿದ ಬೆರಳುಗಳಿಗೆ ಅದು ತಿಳಿಯಬೇಕು. ಇಷ್ಟನ್ನು ಹೇಳಿದವರನ್ನು ಮುಂದಿನ ವಾಕ್ಯದಲ್ಲೇ ‘ಸಾವಿಗೆ ಅಂಜದ ಸಿಂಹ’ ಮಾಡಿಬಿಟ್ಟಿರಿ. ಅಂಜಿಕೆ ಇದ್ದದ್ದರಿಂದಲೇ ಅಲ್ಲವೇ ಅಷ್ಟು ಎಚ್ಚರ? ಅವರನ್ನೇ ಕೇಳಬೇಕಿತ್ತು.

ಒಂದು ತಪ್ಪನ್ನಂತೂ ತಿದ್ದಲೇಬೇಕು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದೊಡನೆ ಅಜ್ಜನ ಪಾಲಿಗೂ ಯುದ್ಧ ಮುಗಿಯಿತು ಎಂದು ಬರೆದಿದ್ದೀರಿ. ಢಾಕಾ ಇದ್ದದ್ದು ಪೂರ್ವದಲ್ಲಿ; ಅಜ್ಜ ಇದ್ದ ಪಶ್ಚಿಮ ಗಡಿಯಲ್ಲಿ ಕದನ ವಿರಾಮ ಜಾರಿಗೆ ಬಂದದ್ದು 17ರ ರಾತ್ರಿ. 16ರಂದು ಅದೇ ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ ಟ್ಯಾಂಕ್ ಕಾಳಗ ನಡೆದೇ ಇತ್ತು. 21 ವರ್ಷದ ಸೇನಾಧಿಕಾರಿ ಅರುಣ್ ಖೇತ್ರಪಾಲ್ ಮಡಿದದ್ದು ಅಂದೇ. ಅವರಿದ್ದ ಪೂನಾ ಹಾರ್ಸ್ ಎಂಬ ಟ್ಯಾಂಕ್ ರೆಜಿಮೆಂಟಿನ ಟ್ಯಾಂಕುಗಳು, ಹಿಂದಿನ ರಾತ್ರಿ ನೆಲಬಾಂಬ್ ತೆಗೆಯುವ ಕೆಲಸ ಪೂರ್ತಿ ಮುಗಿಯುವ ಮೊದಲೇ ಆ ದಾರಿಯಲ್ಲಿ ನುಗ್ಗಿದ್ದವು. ದಾರಿ ಬಿಡಿಸುತ್ತಿದ್ದವರು ಸ್ಯಾಪರ್‌ಗಳು. ನಿಮ್ಮ ಅಜ್ಜ ಆ ರಾತ್ರಿ ಎಲ್ಲಿದ್ದರು? ಬೆನ್ನ ಹಿಂದೆ ಟ್ಯಾಂಕುಗಳ ಸದ್ದು ಕೇಳಿಸಿತೇ? ಈ ಪ್ರಶ್ನೆಗಳಿಲ್ಲದೆ ಬಂದದ್ದು ನನಗೆ ನಿಜವಾಗಿಯೂ ಬೇಸರ ತಂದಿತು.

ಮತ್ತೆ ಹೋಗಿ ಅವರನ್ನು ಕಾಣಿರಿ. ಪದಕದ ಮಾತು ಬೇಡ. ಜೊತೆಗೆ ಯಾರಿದ್ದರು, ಊಟ ಎಲ್ಲಿಂದ ಬರುತ್ತಿತ್ತು, ಮನೆಗೆ ಕಾಗದ ಬರೆಯುತ್ತಿದ್ದರೇ ಎಂದು ವಿಚಾರಿಸಿ. ಹೇಳಲು ಮನಸ್ಸಿಲ್ಲದ್ದನ್ನು ಕೆದಕಬೇಡಿ. ಹೆಸರು ಹಾಕುವುದಾದರೆ ಅವರ ಒಪ್ಪಿಗೆ ಪಡೆಯಿರಿ. ಕೊನೆಯಲ್ಲಿರುವ ‘ಇಂದಿನ ಯುವಕರು ಮೊಬೈಲಿನಲ್ಲಿ ಮುಳುಗಿದ್ದಾರೆ’ ಎಂಬ ಪ್ಯಾರಾ ತೆಗೆದುಹಾಕಿ. ಅದು ಅಜ್ಜನ ಮಾತಲ್ಲ, ನೀವು ಅವರ ಬಾಯಲ್ಲಿ ಆಡಿಸಿದ್ದು.

ಅವರಿಗೆ ಎಂಬತ್ತು ದಾಟಿದೆ ಎಂದು ನೀವೇ ಬರೆದಿದ್ದೀರಿ. ಈ ವಾರವೇ ಹೋಗಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

— ಸಂಪಾದಕ