ಸೀಳುತುಟಿಯ ಮಗು: ತೊಟ್ಟಿಲು ಕಾರ್ಯ ಈಗಲೇ ಮಾಡಬೇಕಾ?

ಮಗಳು ಹುಟ್ಟಿ 20 ದಿನ ಆಯಿತು, ಮೇಲ್ತುಟಿ ಸೀಳಿದೆ, ಆಪರೇಷನ್ ಆಗುವವರೆಗೆ ತೊಟ್ಟಿಲು ಕಾರ್ಯ ಬೇಡ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮಾಡಿಬಿಡಿ. ನಾನು ಮಾಡಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಮಗ ಹುಟ್ಟಿದ್ದು 2023ರ ಜನವರಿ ಕೊನೆಯಲ್ಲಿ, ಎಡಗಡೆ ತುಟಿ ಮೂಗಿನ ಹೊಳ್ಳೆವರೆಗೂ ಸೀಳಿತ್ತು. 2022ರ ದೀಪಾವಳಿ ಹೊತ್ತಿಗೆ, ಅಕ್ಟೋಬರ್ 25ರ ಸಂಜೆ ಸೂರ್ಯಗ್ರಹಣ ಆಯಿತಲ್ಲ, ಆವತ್ತು ನಾನು ಈಳಿಗೆಮಣೆ ಮುಟ್ಟಿದ್ದೇ ಕಾರಣ ಅಂತ ಅತ್ತೆ ಬಂದವರಿಗೆಲ್ಲ ಹೇಳಿದರು. ಆವತ್ತಿಗೆ ನನಗೆ ಏಳನೇ ತಿಂಗಳು. ಮಗುವಿನ ತುಟಿ ಕೂಡಿಕೊಳ್ಳುವುದು ಬಸುರಿಯ 4ರಿಂದ 7ನೇ ವಾರದಲ್ಲಿ. ಗ್ರಹಣ ಬರುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು! ಅತ್ತೆಗೆ ಈ ಲೆಕ್ಕ ಹೇಳಿದೆ. ಒಪ್ಪಲಿಲ್ಲ, ಆದರೆ ಬಂದವರ ಮುಂದೆ ಹೇಳುವುದನ್ನು ಬಿಟ್ಟರು. ಅಷ್ಟು ಸಾಕಾಯಿತು.

ಮೊದಲು ಡಾಕ್ಟರ ಹತ್ತಿರ ಬಾಯೊಳಗೆ ನೋಡಿಸಿ. ತುಟಿ ಮಾತ್ರ ಸೀಳಿದ್ದರೆ ಎಷ್ಟೋ ಮಕ್ಕಳು ಎದೆಹಾಲನ್ನೇ ಕುಡಿಯುತ್ತವೆ. ಅಂಗುಳವೂ ಸೀಳಿದ್ದರೆ ಚೀಪಲು ಆಗುವುದಿಲ್ಲ, ಹಾಲು ಮೂಗಲ್ಲಿ ಬರುತ್ತದೆ. ನಮ್ಮವನಿಗೆ ಅಂಗುಳವೂ ಸೀಳಿತ್ತು, ಹೆರಿಗೆಯಾದ ಕಡೆ ಯಾರೂ ನೋಡಲಿಲ್ಲ, ಎರಡು ವಾರ ತೂಕ ಏರದೆ ಸುಮ್ನೆ ನನಗೇ ಹಾಲಿಲ್ಲ ಅಂತ ಮಾತು ಕೇಳಬೇಕಾಯಿತು. ಆಮೇಲೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿದೆ, ಮಲಗಿಸಿ ಅಲ್ಲ, ನೆಟ್ಟಗೆ ಕೂರಿಸಿಕೊಂಡು. ಗಾಳಿ ಜಾಸ್ತಿ ನುಂಗುತ್ತವೆ, ನಡುನಡುವೆ ತೇಗಿಸಿ.

ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳದ್ದು ವರ್ಷದ ಆಸುಪಾಸು. ಸ್ಮೈಲ್ ಟ್ರೈನ್ ಸಂಸ್ಥೆಯ ಜೊತೆ ಸೇರಿರುವ ಆಸ್ಪತ್ರೆಗಳಲ್ಲಿ ಆಪರೇಷನ್‌ಗೆ ದುಡ್ಡಿಲ್ಲ. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೂ ಇದು ಸೇರಿದೆ, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ತುಟಿ ಹೊಲಿದು ತಂದು ಕೊಟ್ಟಾಗ ನಾನು ಅತ್ತುಬಿಟ್ಟೆ. ಸಂತೋಷಕ್ಕೆ ಅಂತ ಎಲ್ಲರೂ ಅಂದುಕೊಂಡರು. ನಿಜ ಹೇಳಬೇಕೆಂದರೆ ಆ ಅಗಲವಾದ ಹಳೇ ನಗು ಹೋಯಿತಲ್ಲ ಅಂತ ಅತ್ತಿದ್ದು. ಮೂರು ತಿಂಗಳು ಅದನ್ನೇ ನೋಡಿದ್ದೆ ಅಲ್ವಾ.

ಮಾತು ಸ್ವಲ್ಪ ತಡ. ಗಾಳಿ ಮೂಗಿಗೆ ಹೋಗಿ ‘ಅಪ್ಪ’ ಅಂದರೂ ‘ಅಮ್ಮ’ ಅಂದ ಹಾಗೆ ಕೇಳುತ್ತಿತ್ತು, ನಮ್ಮ ಮನೆಯವರಿಗೆ ಅದೇ ಬೇಜಾರು, ನನಗೆ ಒಳಗೊಳಗೇ ಖುಷಿ. ಸ್ಪೀಚ್ ಥೆರಪಿ ಶುರು ಮಾಡಿದ ಮೇಲೆ ಸರಿಹೋಗುತ್ತಿದೆ. ಕಿವಿಯನ್ನೂ ಆಗಾಗ ಪರೀಕ್ಷೆ ಮಾಡಿಸಿ, ಅಂಗುಳ ಸೀಳಿದ ಮಕ್ಕಳಿಗೆ ಕಿವಿಯೊಳಗೆ ನೀರು ತುಂಬಿಕೊಳ್ಳುತ್ತದೆ.

ಫೋಟೋ ತೆಗೆಯಿರಿ. ನಾವು ಜನ ಏನಂದಾರೋ ಅಂತ ಸೆರಗು ಮುಚ್ಚಿಕೊಂಡೇ ಓಡಾಡಿದೆವು, ತೊಟ್ಟಿಲಿಗೆ ಹಾಕಿದ್ದು ಆಪರೇಷನ್ ಆದ ಮೇಲೆ. ಮೊನ್ನೆ ಪಕ್ಕದ ಮನೆ ಪಾಪುವಿನ ಫೋಟೋ ನೋಡಿ, ನಾನು ಪಾಪು ಆಗಿದ್ದಾಗಿನದು ಎಲ್ಲಿ ಅಂತ ಕೇಳಿದ. ಆಸ್ಪತ್ರೆ ಫೈಲಿನಲ್ಲಿ ಒಂದೇ ಒಂದು ಇತ್ತು, ತೆಗೆದು ತೋರಿಸಿದೆ.