ಮೀನಿನ ಕಿವಿಯಲ್ಲಿರುವ ಪ್ರೆಸ್ಟಿನ್ ಬಗ್ಗೆ

ನಮಸ್ಕಾರ ಸರ್. ನಮ್ಮ ಕಿವಿಯ ಕೋಶಗಳನ್ನು ಕುಣಿಸುವ ಪ್ರೋಟೀನಾದ ಪ್ರೆಸ್ಟಿನ್ ಮೀನಿನಲ್ಲೂ ಇದ್ದರೆ ಅದರ ಕಿವಿಯ ಕೋಶವೂ ನಮ್ಮದರಂತೆ ಕುಣಿಯುತ್ತದಾ, ಭೀಮಾ ನದಿಯ ಮೀನಿನಲ್ಲಿ ಮಕ್ಕಳಿಗೆ ತೋರಿಸಬಹುದಾ ಅಂತ ಯಾದಗಿರಿಯಿಂದ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ಇದೆ, ಆದರೆ ಕೆಲಸ ಬೇರೆ. ಜೀಬ್ರಾಫಿಶ್ ಎಂಬ ಚಿಕ್ಕ ಮೀನಿನ ಪ್ರೆಸ್ಟಿನ್ ಮುಖ್ಯವಾಗಿ ಕ್ಲೋರೈಡ್ ಮತ್ತು ಸಲ್ಫೇಟ್ ಅಯಾನುಗಳನ್ನು (ವಿದ್ಯುದಂಶವಿರುವ ಕಣಗಳನ್ನು) ಕೋಶದ ಒಳಗೂ ಹೊರಗೂ ಅದಲು ಬದಲು ಮಾಡುತ್ತದೆ. ನಮ್ಮಲ್ಲಿ ಆ ಸಾಗಣೆಗಾರನೇ ಮೋಟಾರ್ ಆಗಿಬಿಟ್ಟಿದೆ. ನನಗಂತೂ ಇಡೀ ವಿಷಯದಲ್ಲಿ ಇದೇ ಜಾಸ್ತಿ ಇಷ್ಟ.

ನಮ್ಮ ಒಳಕಿವಿಯಲ್ಲಿ ತುದಿಗೆ ಸಣ್ಣ ರೋಮಗಳಿರುವ ಕೋಶಗಳಿವೆ. ಅವುಗಳಲ್ಲಿ ಶಬ್ದವನ್ನು ಹಿಗ್ಗಿಸುವ ಹೊರ ರೋಮಕೋಶಗಳ ಪಕ್ಕದ ಗೋಡೆಯಲ್ಲಿ ಪ್ರೆಸ್ಟಿನ್ ಒತ್ತೊತ್ತಾಗಿ ತುಂಬಿರುತ್ತದೆ. ಶಬ್ದ ಬಂದಾಗ ಕೋಶದ ವೋಲ್ಟೇಜ್ ಬದಲಾಗುತ್ತದೆ. ಒಂದೊಂದು ಅಣುವೂ ಸ್ವಲ್ಪ ಕುಗ್ಗುತ್ತದೆ, ಹಿಗ್ಗುತ್ತದೆ. ಹಾರ್ಮೋನಿಯಂ ತಿದಿಯ ಹಾಗೆ ಇಡೀ ಕೋಶವೇ ಗಿಡ್ಡವಾಗಿ ಉದ್ದವಾಗುತ್ತದೆ, ಸೆಕೆಂಡಿಗೆ ಸಾವಿರಾರು ಸಲ! ಸ್ನಾಯುವನ್ನು ಎಳೆಯುವ ಮಯೋಸಿನ್ ಪ್ರೋಟೀನಿಗೆ ಕೋಶದ ಇಂಧನವಾದ ಎಟಿಪಿ ಬೇಕು, ಇದಕ್ಕೆ ವೋಲ್ಟೇಜ್ ಸಾಕು. ಈ ಕುಣಿತವನ್ನು ವಿಜ್ಞಾನಿ ಬ್ರೌನೆಲ್ ಅವರ ತಂಡ 1985ರಲ್ಲಿ ವರದಿ ಮಾಡಿತು, ಪ್ರೋಟೀನನ್ನು ಡಲ್ಲೋಸ್ ತಂಡ 2000ದಲ್ಲಿ ಗುರುತಿಸಿತು. ಪ್ರೆಸ್ಟಿನ್ ಇಲ್ಲದ ಇಲಿಗಳಿಗೆ ಕೇಳುವ ಶಕ್ತಿ 40ರಿಂದ 60 ಡೆಸಿಬೆಲ್‌ನಷ್ಟು ಕುಸಿಯುತ್ತದೆ. ಅಂದರೆ ಪಿಸುಮಾತು ಸುಮ್ನೆ ಕೇಳಿಸುವುದೇ ಇಲ್ಲ.

ಕೋಶದ ಕುಣಿತ ನಿಮ್ಮ ಶಾಲೆಯ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ. ಬದಲಿಗೆ ಮಾರ್ಕೆಟ್ಟಿನಿಂದ ಮೀನಿನ ತಲೆ ತಂದು ಬೇಯಿಸಿ, ಮೆದುಳಿನ ಪಕ್ಕದ ಮೂಳೆಯನ್ನು ನಿಧಾನಕ್ಕೆ ಬಿಡಿಸಿ. ಚಿಕ್ಕ ಬಿಳಿ ಕಿವಿಗಲ್ಲು ಸಿಗುತ್ತದೆ. ರೋಮಕೋಶಗಳು ಕೂತಿರುವುದು ಅದರ ಕೆಳಗೇ. ಶಬ್ದಕ್ಕೆ ಮೀನಿನ ಮೈ ಅಲುಗಿದಾಗ ಭಾರದ ಕಲ್ಲು ಅಷ್ಟು ಬೇಗ ಅಲುಗದೆ ಹಿಂದೆ ಉಳಿಯುತ್ತದೆ, ಕೋಶದ ರೋಮಗಳು ಬಾಗುತ್ತವೆ. ಅದನ್ನು ಅಂಗೈ ಮೇಲಿಟ್ಟೇ ವಿವರಿಸಿ.